ಮೇಳದಲ್ಲಿ ಕಾಗದದ ಮಳಿಗೆಯನ್ನು ಕೊನೆಗೆ ನೋಡಿ

ಪ್ರಶ್ನೆ: ನಾನು ಸೋಮವಾರಪೇಟೆ ಹತ್ತಿರದ ಹಳ್ಳಿಯವಳು. ಕೆಲವು ವರ್ಷಗಳಿಂದ ಕಾಗದದ ಕೆಲಸ ಮಾಡುತ್ತಿದ್ದೇನೆ. ಕ್ವಿಲ್ಲಿಂಗ್ (ಕಾಗದದ ಪಟ್ಟಿ ಸುತ್ತಿ ಮಾಡುವ ಚಿತ್ತಾರ) ಕಾರ್ಡು, ಲಕೋಟೆ, ಚಿಕ್ಕ ನೋಟ್‌ಬುಕ್ಕು ಇಂಥವು. ಕಾಗದವನ್ನೆಲ್ಲ ಅಂಗಡಿಯಿಂದಲೇ ತರುತ್ತೇನೆ. ಹೊಸ ಐಡಿಯಾ ಸಿಗಲಿ ಅಂತ ಮೈಸೂರು, ಬೆಂಗಳೂರಿನ ಕರಕುಶಲ ಮೇಳಗಳಿಗೆ ಹೋಗುತ್ತೇನೆ. ನೋಡುವಾಗ ತುಂಬ ಉತ್ಸಾಹ ಇರುತ್ತದೆ. ಮನೆಗೆ ಬಂದು ಕೂತರೆ ಅಲ್ಲಿ ಕಂಡದ್ದನ್ನೇ ಮಾಡುತ್ತಿರುತ್ತೇನೆ. ನನ್ನದು ಅನ್ನುವಂಥದ್ದು ಬರುತ್ತಿಲ್ಲ. ನಮ್ಮ ತೋಟದ ಬಾಳೆ, ಕಾಫಿ ಸಿಪ್ಪೆಯಿಂದ ಕಾಗದ ಮಾಡಬಹುದಾ? ಮಳೆಗಾಲದಲ್ಲಿ ಮಾಡಿಟ್ಟದ್ದೆಲ್ಲ ಮೆತ್ತಗಾಗಿ ಸೊಟ್ಟಗಾಗುತ್ತದೆ, ಅದಕ್ಕೇನು ಮಾಡಲಿ? ಮುಂದೆ ಒಂದು ಮಳಿಗೆ ಹಾಕುವ ಆಸೆಯೂ ಇದೆ.

ಉತ್ತರ: ಮೇಳಕ್ಕೆ ಕಾಲಿಟ್ಟ ಕೂಡಲೇ ನೀವು ಮೊದಲು ಹೋಗುವುದು ಕಾಗದದ ಮಳಿಗೆಗೇ ಅಲ್ವಾ? ಕಾಗದದ ಕೆಲಸ ಮಾಡುವವರೆಲ್ಲ ಹಾಗೇ ಮಾಡುತ್ತಾರೆ. ನೀವು ಹೇಳುವ ತೊಂದರೆ ಶುರುವಾಗುವುದೂ ಅಲ್ಲಿಂದಲೇ. ಮುಂದಿನ ಸಲ ಆ ಮಳಿಗೆಯನ್ನು ಕೊನೆಗೆ ಇಟ್ಟುಕೊಳ್ಳಿ. ಹೊತ್ತು ಸಾಲದೆ ಅದು ತಪ್ಪಿಹೋದರೂ ನಷ್ಟವಿಲ್ಲ.

ಯಾಕೆ ಅಂತ ಹೇಳುತ್ತೇನೆ. ಕ್ವಿಲ್ಲಿಂಗ್ ಗೊತ್ತಿರುವ ಕೈಗೆ ಇನ್ನೊಬ್ಬರ ಕ್ವಿಲ್ಲಿಂಗ್ ಕಂಡ ಕೂಡಲೇ ಅದರ ಗುಟ್ಟು ಗೊತ್ತಾಗಿಬಿಡುತ್ತದೆ. 5 ಮಿಲಿಮೀಟರ್ ಪಟ್ಟಿ, ಇಷ್ಟು ಸುತ್ತು, ಇಲ್ಲಿ ಚಿವುಟಿದ್ದಾರೆ, ಅಲ್ಲಿ ಅಂಟಿಸಿದ್ದಾರೆ. ಯೋಚಿಸಲು ಏನೂ ಉಳಿಯುವುದಿಲ್ಲ. ಮನೆಗೆ ಬಂದ ಮೇಲೆ ಕೈ ಅದನ್ನೇ ಮಾಡುತ್ತದೆ. ಬಿದಿರು ಬುಟ್ಟಿಯ ಮುಂದೆ ನಿಂತಾಗ ಕೈಗೆ ಈ ಸುಲಭದ ದಾರಿ ಇರುವುದಿಲ್ಲ. ಬಿದಿರು ಬಾಗಿದಂತೆ ಕಾಗದ ಬಾಗುವುದಿಲ್ಲ. ಬುಟ್ಟಿಯಲ್ಲಿ ಮೆಚ್ಚಿದ್ದನ್ನು ಕಾಗದದಲ್ಲಿ ತರಬೇಕಾದರೆ ನೀವೇ ಒಂದು ದಾರಿ ಹುಡುಕಬೇಕು. ಹಾಗೆ ಹುಡುಕಿಕೊಂಡದ್ದು ನಿಮ್ಮದೇ ಆಗಿರುತ್ತದೆ.

ಇನ್ನೊಂದು ಮಾತು. ಬರಿಗೈಲಿ ಹೋದರೂ ಪರವಾಗಿಲ್ಲ, ಪ್ರಶ್ನೆ ಇಲ್ಲದೆ ಮೇಳಕ್ಕೆ ಹೋಗಬೇಡಿ. "ಹೊಸದೇನಿದೆ ನೋಡೋಣ" ಅಂತ ಹೋದರೆ ನೂರು ಮಳಿಗೆಯೂ ಕಣ್ಣನ್ನು ಎಳೆಯುತ್ತವೆ, ಯಾವುದೂ ಮನಸ್ಸಿನಲ್ಲಿ ನಿಲ್ಲುವುದಿಲ್ಲ. ನಿಮ್ಮ ಊರಿಂದ, ನಿಮ್ಮ ಕೆಲಸದಿಂದ ಹುಟ್ಟಿದ ಒಂದು ಪ್ರಶ್ನೆಯನ್ನು ಹೊತ್ತುಕೊಂಡು ಹೋಗಿ. ನಿಮ್ಮ ಪತ್ರದಲ್ಲೇ ಅಂಥದ್ದೊಂದು ಇದೆ. ಮಳೆಗಾಲವನ್ನು ನೀವು ತೊಂದರೆ ಅಂತ ಬರೆದಿದ್ದೀರಿ. ನನಗೆ ಅದೇ ನಿಮ್ಮ ಅತಿ ಒಳ್ಳೆಯ ಪ್ರಶ್ನೆ ಅನ್ನಿಸುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಡದೆ ಸುರಿಯುವ ಮಳೆಯಲ್ಲಿ ತಾಳುವ ಕಾಗದದ ವಸ್ತು ಹೇಗಿರಬೇಕು? ಮಳೆ ಕಡಿಮೆಯ ಜೈಪುರದವರಿಗೆ ಈ ಪ್ರಶ್ನೆ ಬರುವುದಿಲ್ಲ. ಕೊಡಗಿನವರಿಗೆ ಬಿಟ್ಟೇನೆಂದರೂ ಬಿಡುವುದಿಲ್ಲ.

ಈಗ ಆ ಪ್ರಶ್ನೆ ಹಿಡಿದು ಮಳಿಗೆಗಳ ಮುಂದೆ ನಿಲ್ಲಿ. ಬಣ್ಣ, ಚಿತ್ತಾರ ತಾವಾಗಿಯೇ ಕಣ್ಣಿಗೆ ಬೀಳುತ್ತವೆ, ಅವನ್ನು ಬಿಡಿ. ಅಂಚು ನೋಡಿ. ಎರಡು ಭಾಗ ಕೂಡುವ ಜಾಗ ನೋಡಿ. ಮುಚ್ಚುವ, ಕಟ್ಟುವ ವಿಧಾನ ನೋಡಿ. ಬುಟ್ಟಿಯಲ್ಲಿ ಹೆಣಿಗೆ ಸುಲಭದ ಭಾಗ, ಬಾಯಿ ಕಟ್ಟುವುದೇ ಕಷ್ಟ. ನಿಂತ ಸೀಳುಗಳನ್ನು ಎಲ್ಲಿ ಮಡಚಿದ್ದಾರೆ? ಬಾಯಿಯ ಬಳೆಯನ್ನು ಯಾವುದರಿಂದ ಬಿಗಿದಿದ್ದಾರೆ? ಕೊನೆಯ ತುದಿಯನ್ನು ಎಲ್ಲಿ ಸಿಕ್ಕಿಸಿದ್ದಾರೆ? ಅಂಟು ಎಲ್ಲೂ ಇಲ್ಲ, ಗಮನಿಸಿ. ಮಳೆಯಲ್ಲಿ ಕಾಫಿ ತೋಟದ ಬುಟ್ಟಿ ಬಿಚ್ಚಿಕೊಳ್ಳದೆ ಉಳಿಯುವುದಕ್ಕೆ ಅದೂ ಒಂದು ಕಾರಣ.

ಚನ್ನಪಟ್ಟಣದ ಆಟಿಕೆಯವರು ಮೇಳದಲ್ಲಿ ಕೆಲವೊಮ್ಮೆ ಮರ ತಿರುಗಿಸುವ ಚರಕಿಯನ್ನೂ ತಂದಿರುತ್ತಾರೆ. ಆಲೆ ಮರದ ತುಂಡು ತಿರುಗುತ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿಯನ್ನು ಒತ್ತುತ್ತಾರೆ. ಉಜ್ಜಿದ ಬಿಸಿಗೆ ಅರಗು ಕರಗಿ ಹತ್ತಿಕೊಳ್ಳುತ್ತದೆ. ಆಮೇಲೆ ಕೇದಗೆ ಜಾತಿಯ ಎಲೆ ಒತ್ತಿ ಹೊಳಪು ತರುತ್ತಾರೆ. ಕುಂಚದ ಕೆಲಸವೇ ಅಲ್ಲಿಲ್ಲ. ಇದನ್ನು ನೋಡುವಾಗ ಕಾಗದದವರು ಒಂದು ವಿಷಯ ನೆನಪು ಮಾಡಿಕೊಳ್ಳಬೇಕು. ಕಾಗದವನ್ನು ಉಜ್ಜಿ ಹೊಳಪು ತರುವ ಪದ್ಧತಿ ನಮ್ಮ ದೇಶದಲ್ಲೂ ಇತ್ತು. ಹಾಳೆಗೆ ಅಕ್ಕಿ ಅಥವಾ ಗೋಧಿ ಗಂಜಿ ಸವರಿ, ಒಣಗಿಸಿ, ಅಗೇಟ್ ಕಲ್ಲಿನಿಂದ ಉಜ್ಜುತ್ತಿದ್ದರು. ಹಳೆಯ ಹಸ್ತಪ್ರತಿಗಳ ಹಾಳೆ ಇವತ್ತಿಗೂ ನುಣುಪಾಗಿರುವುದು ಅದರಿಂದಲೇ. ಉಜ್ಜಿದಾಗ ಎಳೆಗಳು ಒತ್ತಿಕೊಂಡು ಮೇಲ್ಮೈ ಬಿಗಿಯಾಗುತ್ತದೆ, ಶಾಯಿ ಹರಡುವುದು ಕಡಿಮೆಯಾಗುತ್ತದೆ. ನಿಮಗೆ ಅಗೇಟ್ ಬೇಡ. ಹೊಳೆಯಲ್ಲಿ ಸವೆದ ನುಣ್ಣನೆ ಕಲ್ಲು ಸಾಕು.

ಕೊಪ್ಪಳ ಜಿಲ್ಲೆಯ ಕಿನ್ನಾಳದ ಗೊಂಬೆಗಳು ಸಿಕ್ಕರೆ ಅಲ್ಲೂ ಸ್ವಲ್ಪ ನಿಲ್ಲಿ. ಹಗುರ ಮರದ ತುಂಡುಗಳನ್ನು ಕೂಡಿಸಲು ಅವರು ಬಳಸುವುದು ಹುಣಸೆ ಬೀಜದ ಅಂಟು. ಧಾರವಾಡದ ಕಸೂತಿಯಲ್ಲಿ ಮೊದಲೇ ಚಿತ್ರ ಬರೆದುಕೊಳ್ಳುವುದಿಲ್ಲ, ಬಟ್ಟೆಯ ಎಳೆ ಎಣಿಸಿ ಹೊಲಿಯುತ್ತಾರೆ. ಗವಂತಿ, ಮುರ್ಗಿ ಹೊಲಿಗೆಗಳು ಎರಡೂ ಬದಿಯಲ್ಲಿ ಒಂದೇ ಥರ ಕಾಣುತ್ತವೆ. ನಮ್ಮ ಕೊಡವ ಚೇಲೆಯ (ಸೊಂಟಪಟ್ಟಿಯ) ಕಸೂತಿಯೂ ಎಣಿಕೆಯ ಕೆಲಸವೇ. ಸೂಜಿಯಿಂದ ತೂತು ಮಾಡಿ ಕಾರ್ಡಿನ ಮೇಲೆ ಹೀಗೆ ಹೊಲಿದರೆ ಹಿಂಬದಿಯನ್ನು ಮುಚ್ಚಲು ಇನ್ನೊಂದು ಹಾಳೆ ಅಂಟಿಸಬೇಕಾಗಿಲ್ಲ. ಅಂದರೆ ಮಳೆಗಾಲದಲ್ಲಿ ಸೊಟ್ಟಗಾಗುವ ಒಂದು ಕಾರಣವೇ ಹೋಯಿತು.

ಫೋನನ್ನು ಚೀಲದಲ್ಲಿಡಿ. ನೋಡಿದ್ದನ್ನು ಬರೆದುಕೊಳ್ಳಿ, ಸಾಧ್ಯವಾದರೆ ಗೀಚಿಕೊಳ್ಳಿ. ಚಿತ್ರ ಚೆನ್ನಾಗಿ ಬರಬೇಕು ಅಂತಿಲ್ಲ. ಬುಟ್ಟಿಯ ಬಾಯಿ ಬರೆಯಲು ಹೊರಟರೆ ಸೀಳು ಮೇಲಿಂದ ಬಂತೋ ಕೆಳಗಿಂದ ಬಂತೋ ಅಂತ ನೋಡಲೇಬೇಕಾಗುತ್ತದೆ. ಫೋಟೋ ತೆಗೆದವರು ಅದನ್ನು ನೋಡಿರುವುದಿಲ್ಲ. ಫೋಟೋ ಬೇಕೇ ಬೇಕು ಅಂದರೆ ಕೇಳಿ ತೆಗೆಯಿರಿ. ಕುಶಲಕರ್ಮಿಗಳಿಗೆ ತಮ್ಮ ವಿನ್ಯಾಸ ಕದ್ದುಹೋದ ನೋವು ಜಾಸ್ತಿ ಇರುತ್ತದೆ. ಅವರೊಂದಿಗೆ ಮಾತಾಡುವಾಗ "ಇದನ್ನು ಹೇಗೆ ಮಾಡ್ತೀರಿ" ಅಂತ ಕೇಳುವ ಬದಲು "ಇದರಲ್ಲಿ ನಿಮಗೆ ಯಾವ ಹಂತ ಕಷ್ಟ" ಅಂತ ಕೇಳಿ ನೋಡಿ. ಮೊದಲ ಪ್ರಶ್ನೆಗೆ ಎಲ್ಲರಿಗೂ ಹೇಳುವ ಉತ್ತರವನ್ನೇ ಹೇಳುತ್ತಾರೆ. ಎರಡನೆಯದಕ್ಕೆ ಮನಸ್ಸು ಬಿಚ್ಚುತ್ತಾರೆ. ಆದರೆ ಭಾನುವಾರ ಸಂಜೆಯ ನೂಕುನುಗ್ಗಲಲ್ಲಿ ಇದೆಲ್ಲ ಆಗದು. ವಾರದ ನಡುವೆ, ಬೆಳಿಗ್ಗೆ ಹೋಗಿ.

ಎಲ್ಲಿಗೆ ಹೋಗುವುದು ಅಂತ ಕೇಳಿದರೆ, ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ಜನವರಿಯ ಒಂದು ಭಾನುವಾರ ನಡೆಯುವ ಚಿತ್ರಸಂತೆ ಕಣ್ಣಿಗೆ ಹಬ್ಬ. ಆದರೆ ಒಂದೇ ದಿನದ ಆ ಜನಜಂಗುಳಿಯಲ್ಲಿ ಮಾತಿಗೆ ಜಾಗವಿಲ್ಲ. ಮೈಸೂರಿನ ಜೆಎಸ್ಎಸ್ ಅರ್ಬನ್ ಹಾತ್‌ನಲ್ಲಿ ಮೇಳವಿದ್ದಾಗ ಕುಶಲಕರ್ಮಿಗಳು ಹಲವು ದಿನ ಅಲ್ಲೇ ಇರುತ್ತಾರೆ. ಕಲಿಯುವವರಿಗೆ ಅದು ವಾಸಿ. ಮಡಿಕೇರಿಯ ಶುಕ್ರವಾರದ ಸಂತೆಯನ್ನೂ ನಾನು ಮೇಳ ಅಂತಲೇ ಎಣಿಸುತ್ತೇನೆ. ಹೂವಿನವರು ಬಾಳೆನಾರಿನಲ್ಲಿ ಮಾಲೆ ಕಟ್ಟುವುದು, ವೀಳ್ಯದೆಲೆಯ ಕಟ್ಟು, ದಿನಸಿಯವರು ಒಂದು ಹಾಳೆಯಲ್ಲಿ ಅಂಟಿಲ್ಲದೆ ಮಡಚುವ ಪೊಟ್ಟಣ, ಇವನ್ನೆಲ್ಲ ಕೈಕೆಲಸ ಅಂತ ಯಾರೂ ಬೋರ್ಡು ಹಾಕಿಲ್ಲ ಅಷ್ಟೆ. ಪುತ್ತರಿ ಹಬ್ಬದಲ್ಲಿ ನೆರೆ ಕಟ್ಟುವುದನ್ನೂ ಈ ಕಣ್ಣಿನಿಂದ ನೋಡಿ. ಐದು ಬಗೆಯ ಎಲೆಗಳನ್ನು ಒಂದರ ಮೇಲೊಂದಿಟ್ಟು ನಾರಿನಿಂದ ಕಟ್ಟುತ್ತಾರೆ. ಬಿಡಿ ಹಾಳೆಗಳನ್ನು ಒಂದಾಗಿ ಹಿಡಿದಿಡುವ ಪುಸ್ತಕದ ಕೆಲಸವೂ ಅದೇ ತಾನೆ?

ನಿಮ್ಮ ಪ್ರಶ್ನೆಗೆ ತೀರಾ ಹತ್ತಿರದ ಉತ್ತರ ಕುಶಾಲನಗರದಿಂದ ಕಾವೇರಿ ದಾಟಿದರೆ ಸಿಗುತ್ತದೆ. ಬೈಲಕುಪ್ಪೆಯ ಟಿಬೆಟನ್ ಮಠಗಳಲ್ಲಿ ಓದುವ ಗ್ರಂಥಗಳನ್ನು ನೋಡಿದ್ದೀರಾ? ಅವಕ್ಕೆ ಪೆಚಾ ಅನ್ನುತ್ತಾರೆ. ಉದ್ದನೆಯ, ಅಗಲ ಕಡಿಮೆಯ ಬಿಡಿ ಹಾಳೆಗಳು. ಹೊಲಿಗೆ ಇಲ್ಲ, ಅಂಟಿಲ್ಲ. ಮೇಲೊಂದು ಕೆಳಗೊಂದು ಹಲಗೆ, ಸುತ್ತ ಬಟ್ಟೆ, ಒಂದು ಪಟ್ಟಿ. ಟಿಬೆಟ್‌ನಲ್ಲಿ ಒಂದು ಬಗೆಯ ಗಿಡದ ಬೇರಿನಿಂದ ಇದಕ್ಕೆ ಕಾಗದ ಮಾಡುತ್ತಿದ್ದರು. ಆ ಬೇರಿನಲ್ಲಿ ವಿಷವಿರುವುದರಿಂದ ಹುಳ ಹತ್ತಿರ ಬರುವುದಿಲ್ಲ. ಈ ರೂಪದ ಅನುಕೂಲ ನೋಡಿ. ಹಾಳೆ ತೇವವಾದರೆ ಒಂದೊಂದನ್ನೇ ತೆಗೆದು ಗಾಳಿಗೆ ಹಾಕಬಹುದು. ಬೆನ್ನು ಅಂಟಿಸಿದ ಪುಸ್ತಕದಲ್ಲಿ ಅದು ಆಗದು. ಅಲ್ಲಿಂದ ರೂಪವನ್ನು ಮಾತ್ರ ತನ್ನಿ. ಮಂತ್ರಾಕ್ಷರ, ದೇವರ ಚಿತ್ರಗಳನ್ನು ಕಾರ್ಡಿನ ಮೇಲೆ ಅಲಂಕಾರಕ್ಕೆ ಹಾಕುವುದು ನನಗೆ ಸರಿ ಕಾಣುವುದಿಲ್ಲ.

ನಮ್ಮ ಕನ್ನಡ ನಾಡಲ್ಲೇ ಇಂಥ ಇನ್ನೊಂದು ರೂಪ ಇತ್ತು, ಕಡತ. ಬಟ್ಟೆಗೆ ಹುಣಸೆ ಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಸೇರಿಸಿ ಬಳಿಯುತ್ತಿದ್ದರು. ಕಪ್ಪಗೆ ಗಟ್ಟಿಯಾಗಿ ಒಣಗಿದ ಮೇಲೆ ಹಿಂದಕ್ಕೊಮ್ಮೆ ಮುಂದಕ್ಕೊಮ್ಮೆ ಮಡಚಿ ಪುಸ್ತಕ ಮಾಡುತ್ತಿದ್ದರು. ಬರೆಯುವುದು ಬಳಪದಿಂದ. ಬೇಡವಾದರೆ ಒರೆಸಿ ಮತ್ತೆ ಬರೆಯಬಹುದಿತ್ತು. ವ್ಯಾಪಾರಿಗಳ ಲೆಕ್ಕ, ಮಠಗಳ ದಾಖಲೆ ಇದರಲ್ಲಿ ಇರುತ್ತಿದ್ದವು. ಶೃಂಗೇರಿ ಮಠದ ಕಡತಗಳನ್ನು ಇತಿಹಾಸ ಬರೆಯುವವರು ಇವತ್ತಿಗೂ ಬಳಸುತ್ತಾರೆ. ಮಡಿಕೆಯ ಪುಸ್ತಕ ಅಂದ ಕೂಡಲೇ ಎಲ್ಲರೂ ಜಪಾನಿನ ಕಡೆ ನೋಡುತ್ತಾರೆ. ಮಲೆನಾಡಿನ ಮಳೆಯಲ್ಲಿ ಶತಮಾನಗಳಿಂದ ಉಳಿದು ಬಂದ ಮಡಿಕೆಯ ಪುಸ್ತಕ ನಮ್ಮಲ್ಲೇ ಇರುವಾಗ ಅದನ್ನು ಬಿಟ್ಟು ಶುರು ಮಾಡುವುದು ಬೇಡ.

ಇದರಿಂದ ಏನು ಮಾಡಬಹುದು? ನನಗೆ ತೋಚಿದ ಒಂದನ್ನು ಹೇಳುತ್ತೇನೆ. ನಮ್ಮ ಬೆಳೆಗಾರರ ಮನೆಗಳಲ್ಲಿ ಮಳೆ ಅಳೆಯುವ ಕೊಳವೆ ಇರುತ್ತದೆ. ಬೆಳಿಗ್ಗೆ ಎದ್ದು ಎಷ್ಟು ಇಂಚು, ಎಷ್ಟು ಸೆಂಟು (ಇಂಚಿನ ನೂರನೇ ಒಂದು ಪಾಲು) ಅಂತ ಬರೆದಿಡುತ್ತಾರೆ. ಕಾಫಿ ಹೂ ಅರಳಿಸುವ ಹೂಮಳೆ ಯಾವತ್ತು ಬಂತು, ಅದರ ಹಿಂದೆ ಬರುವ ಹಿಂಮಳೆ ಎಷ್ಟಾಯಿತು, ಎಲ್ಲ ಅದರಲ್ಲಿರುತ್ತದೆ. ಹೆಚ್ಚಿನವರು ಬರೆಯುವುದು ಯಾವುದೋ ಕಂಪನಿ ಕೊಟ್ಟ ಡೈರಿಯಲ್ಲಿ ಅಥವಾ ಕ್ಯಾಲೆಂಡರ್ ಮೇಲೆ. ಇದಕ್ಕೆ ಕಡತದ ಹಾಗೆ ಮಡಚುವ ಒಂದು ಮಳೆ ಪುಸ್ತಕ ಮಾಡಿ. ತಿಂಗಳಿಗೊಂದು ಮಡಿಕೆ, ಒಟ್ಟು 12. ಬಿಚ್ಚಿ ಮೇಜಿನ ಮೇಲೆ ಹರಡಿದರೆ ಇಡೀ ವರ್ಷದ ಮಳೆ ಒಂದೇ ನೋಟಕ್ಕೆ ಕಾಣುತ್ತದೆ. ಹಿಂಬದಿಗೆ ಮುಂದಿನ ವರ್ಷ.

ಅಳತೆಯನ್ನೂ ಹೇಳುತ್ತೇನೆ. ಎ3 ಹಾಳೆ 42 ಸೆಂಟಿಮೀಟರ್ ಉದ್ದ. 10 ಸೆಂಟಿಮೀಟರ್‌ನ ನಾಲ್ಕು ಮಡಿಕೆ ಬಂದು, ಮುಂದಿನ ಹಾಳೆಗೆ ಸೇರಿಸಲು 2 ಸೆಂಟಿಮೀಟರ್ ಉಳಿಯುತ್ತದೆ. ಅಂಥ ಮೂರು ಹಾಳೆ ಸಾಕು. ಎತ್ತರ 20 ಸೆಂಟಿಮೀಟರ್‌ಗೆ ಕತ್ತರಿಸಿ. 5 ಮಿಲಿಮೀಟರ್ ಅಂತರದಲ್ಲಿ 31 ಗೆರೆ ಹಾಕಿದರೆ ಹದಿನೈದೂವರೆ ಸೆಂಟಿಮೀಟರ್, ಮೇಲೆ ತಿಂಗಳ ಹೆಸರಿಗೆ, ಕೆಳಗೆ ಮೊತ್ತಕ್ಕೆ ಜಾಗ ಸಿಗುತ್ತದೆ. ಕಾಗದ 120ರಿಂದ 150 ಜಿಎಸ್ಎಂ (ಒಂದು ಚದರ ಮೀಟರ್ ಕಾಗದದ ಗ್ರಾಂ ತೂಕ) ಇರಲಿ. ಅದಕ್ಕಿಂತ ದಪ್ಪವಾದರೆ ಮಡಿಕೆಯಲ್ಲಿ ಸೀಳುತ್ತದೆ. ಕೂಡಿಸುವ ಜಾಗವನ್ನು ಅಂಟಿಸುವ ಬದಲು ನಾಲ್ಕು ಹೊಲಿಗೆ ಹಾಕಿ. ಹೊರಗೆ ಎರಡು ತೆಳು ಹಲಗೆ ಅಥವಾ ಗಟ್ಟಿ ರಟ್ಟು, ಕಟ್ಟಲು ಬಾಳೆನಾರಿನ ಹುರಿ. ಇದನ್ನು ಹೀಗೇ ಮಾಡಬೇಕು ಅಂತ ನಾನು ಹೇಳುತ್ತಿಲ್ಲ. ನಿಮ್ಮ ಪ್ರಶ್ನೆ ಪೆಚಾದಿಂದ ಕಡತಕ್ಕೆ, ಕಡತದಿಂದ ಮಳೆಯ ಲೆಕ್ಕಕ್ಕೆ ಹೇಗೆ ದಾಟಿತು ನೋಡಿ. ಆ ದಾರಿಯಲ್ಲಿ ಕಾಗದದ ಮಳಿಗೆ ಎಲ್ಲೂ ಬರಲಿಲ್ಲ.

ಈಗ ತೋಟದ ಕಾಗದದ ವಿಷಯ. ಬಾಳೆಯಿಂದ ಚೆನ್ನಾಗಿ ಆಗುತ್ತದೆ. ಕಾಫಿ ಸಿಪ್ಪೆಯೊಂದರಿಂದಲೇ ಆಗುವುದಿಲ್ಲ. ಕಾಗದವೆಂದರೆ ಉದ್ದ ಎಳೆಗಳು ನೀರಿನಲ್ಲಿ ಹರಡಿ, ಒಂದಕ್ಕೊಂದು ಸಿಕ್ಕಿ, ಒಣಗುವಾಗ ಬಿಗಿಯಾಗುವುದು. ಕಾಫಿ ಸಿಪ್ಪೆಯಲ್ಲಿ ಅಂಥ ಉದ್ದ ಎಳೆ ಕಡಿಮೆ. ಅದರಿಂದ ಹಾಳೆ ಎತ್ತಿದರೆ ಒಣಗಿ ಪುಡಿಯಾಗುತ್ತದೆ. ಹಾಗಂತ ಎಸೆಯಬೇಡಿ. ಬೇಯಿಸಿ ತೊಳೆದು ಬಾಳೆ ತಿರುಳಿಗೆ (ಬೇಯಿಸಿ ಜಜ್ಜಿದ ನಾರಿಗೆ) ನೂರಕ್ಕೆ ಹತ್ತು ಪಾಲು ಸೇರಿಸಿದರೆ ಕಂದು ಬಣ್ಣ, ಚುಕ್ಕೆ ಚುಕ್ಕೆ ಮೈ ಬರುತ್ತದೆ. ಪಾರ್ಚ್‌ಮೆಂಟ್ ಸಿಪ್ಪೆಯ (ಕಾಫಿ ಬೀಜಕ್ಕೆ ಅಂಟಿದ ತೆಳು ಒಣ ಸಿಪ್ಪೆಯ) ಚೂರು ಹಾಕಿದರೆ ಹೊಂಬಣ್ಣದ ಹಕ್ಕಳೆಯಂತೆ ಕಾಣುತ್ತದೆ. ವರ್ಷ ಕಳೆದಂತೆ ಬಣ್ಣ ಇನ್ನಷ್ಟು ಗಾಢವಾಗುತ್ತದೆ ಅನ್ನುವುದನ್ನು ಕೊಳ್ಳುವವರಿಗೆ ಮೊದಲೇ ಹೇಳಿ.

ಬಾಳೆಗೊನೆ ಕಡಿದ ಮೇಲೆ ದಿಂಡನ್ನು ಹೇಗೂ ಕಡಿದು ಹಾಕುತ್ತೀರಿ. ಅದರ ಹೊರಗಿನ ಪಟ್ಟೆಗಳನ್ನು ತೆಗೆಯಿರಿ. ಒಳಗಿನ ಮೃದು ಭಾಗ ಪಲ್ಯಕ್ಕಿರಲಿ. ಪಟ್ಟೆಯನ್ನು ಹಲಗೆ ಮೇಲಿಟ್ಟು ಮೊಂಡು ಚಾಕುವಿನಿಂದ ಹೆರೆದರೆ ನೀರು, ಲೋಳೆ ಹೋಗಿ ನಾರು ಉಳಿಯುತ್ತದೆ. ಬಾಳೆ ಕಲೆ ಬಟ್ಟೆಯಿಂದ ಹೋಗುವುದಿಲ್ಲ, ಅದು ನಿಮಗೆ ಗೊತ್ತೇ ಇದೆ. ನಾರನ್ನು ಒಣಗಿಸಿ ಅರ್ಧ ಇಂಚಿಗೆ ಕತ್ತರಿಸಿ. ಉದ್ದ ಬಿಟ್ಟರೆ ಮುಂದೆ ಗಂಟು ಬೀಳುತ್ತದೆ.

100 ಗ್ರಾಂ ಒಣ ನಾರಿಗೆ 20 ಗ್ರಾಂ ವಾಷಿಂಗ್ ಸೋಡಾ, ಮುಳುಗಿ ಮೇಲೆ ನಿಲ್ಲುವಷ್ಟು ನೀರು. ಸ್ಟೀಲ್ ಪಾತ್ರೆಯಲ್ಲೇ ಬೇಯಿಸಿ. ಸೋಡಾ ಅಲ್ಯೂಮಿನಿಯಂ ಅನ್ನು ತಿನ್ನುತ್ತದೆ. ನಾರು ಬೇಯಿಸಿದ ಪಾತ್ರೆಯನ್ನು ಮತ್ತೆ ಅಡುಗೆಗೆ ಬಳಸಬೇಡಿ. ಎರಡು ಮೂರು ಗಂಟೆ ಕುದಿಯಬೇಕು. ಒಂದು ಎಳೆಯನ್ನು ಬೆರಳಲ್ಲಿ ಹಿಡಿದು ಉದ್ದಕ್ಕೆ ಎಳೆದಾಗ ಸುಲಭವಾಗಿ ಬಿಡಿಬಿಡಿಯಾದರೆ ಬೆಂದಿದೆ ಅಂತ ಅರ್ಥ. ಕಾಸ್ಟಿಕ್ ಸೋಡಾ ಬೇಗ ಬೇಯಿಸುತ್ತದೆ ಅಂತ ಯಾರಾದರೂ ಹೇಳಬಹುದು. ಮನೆಯಲ್ಲಿ ಅದು ಬೇಡವೇ ಬೇಡ. ಕಣ್ಣಿಗೆ ಸಿಡಿದರೆ ದೃಷ್ಟಿಯೇ ಹೋಗಬಹುದು. ವಾಷಿಂಗ್ ಸೋಡಾಕ್ಕೂ ಗ್ಲೌಸ್ ಹಾಕಿಕೊಳ್ಳಿ. ನೀರು ತಿಳಿಯಾಗಿ, ಕೈಗೆ ಜಾರುವುದು ನಿಲ್ಲುವವರೆಗೆ ನಾರನ್ನು ತೊಳೆಯಿರಿ. ಆ ನೀರನ್ನು ತೋಡಿಗೆ, ಕೆರೆಗೆ ಬಿಡಬೇಡಿ.

ಮುಂದಿನದು ಜಜ್ಜುವುದು. ಕಾಗದದ ಗುಣ ನಿಲ್ಲುವುದೇ ಇಲ್ಲಿ. ಮಿಕ್ಸಿ ಎಳೆಯನ್ನು ತುಂಡು ಮಾಡುತ್ತದೆ. ಜಜ್ಜಿದರೆ ಎಳೆ ತುಂಡಾಗದೆ ಅದರ ಮೈಯಿಂದ ಸಣ್ಣ ಸಣ್ಣ ನವಿರು ಎಳೆಗಳು ಏಳುತ್ತವೆ. ಒಂದಕ್ಕೊಂದು ಹಿಡಿದುಕೊಳ್ಳುವುದು ಆ ನವಿರು ಎಳೆಗಳೇ. ಹಾಗಾಗಿ ಕಲ್ಲಿನ ಮೇಲೆ ಮರದ ಕೊಡತಿಯಿಂದ ಮುಕ್ಕಾಲು ಗಂಟೆ ಜಜ್ಜಿ. ಕೊನೆಗೆ ಬೇಕಾದರೆ ಒಂದು ಹಿಡಿಗೆ ಜಾಸ್ತಿ ನೀರು ಹಾಕಿ ಮಿಕ್ಸಿಯಲ್ಲಿ ಒಂದೆರಡು ಸುತ್ತು ತಿರುಗಿಸಿ. ಚೂರು ತಿರುಳನ್ನು ಗಾಜಿನ ಲೋಟದ ನೀರಿನಲ್ಲಿ ಕಲಕಿ ಬೆಳಕಿಗೆ ಹಿಡಿಯಿರಿ. ಗಂಟಿಲ್ಲದೆ ಸಮನಾಗಿ ಹರಡಿದರೆ ಸಾಕು.

ಬಾಳೆ ಮಾತ್ರ ಹಾಕಿದ ಹಾಳೆ ತೆಳ್ಳಗೆ, ಗರಿಗರಿಯಾಗಿ, ಸ್ವಲ್ಪ ಬೆಳಕು ಹಾಯುವ ಹಾಗಿರುತ್ತದೆ. ಒಣಗುವಾಗ ಕುಗ್ಗುತ್ತದೆ. ದೀಪದ ಗೂಡಿಗೆ, ಲಕೋಟೆಯ ಒಳಮೈಗೆ ಬಲು ಚೆಂದ. ಮಡಚುವ ಪುಸ್ತಕಕ್ಕೆ ಅರ್ಧದಷ್ಟು ಹಳೆಯ ನೋಟ್‌ಬುಕ್ಕಿನ ಬಿಳಿ ಕಾಗದ ನೆನೆಸಿ ಸೇರಿಸಿ, ಮೃದುವಾಗುತ್ತದೆ. ಸುದ್ದಿಪತ್ರಿಕೆ ಬೇಡ, ಬೇಗ ಹಳದಿಯಾಗುತ್ತದೆ. ಲೆಕ್ಕ ಬೇಕಿದ್ದರೆ, 16 ಎ4 ಹಾಳೆ ಸೇರಿ ಒಂದು ಚದರ ಮೀಟರ್. ಅಂದರೆ 150 ಜಿಎಸ್ಎಂನ ಒಂದು ಎ4 ಹಾಳೆಗೆ ಒಂಬತ್ತೂವರೆ ಗ್ರಾಂನಷ್ಟು ಒಣ ತಿರುಳು ಬೇಕು. ಬೇಯಿಸಿ ತೊಳೆಯುವಾಗ ನಾರಿನ ತೂಕ ಸಾಕಷ್ಟು ಇಳಿಯುತ್ತದೆ, ಅದನ್ನು ನೆನಪಿಟ್ಟು ಜಾಸ್ತಿ ನಾರು ಒಣಗಿಸಿಡಿ.

ಹಾಳೆ ಎತ್ತಲು ಒಂದೇ ಅಳತೆಯ ಎರಡು ಮರದ ಚೌಕಟ್ಟು ಬೇಕು. ಒಂದಕ್ಕೆ ಸೊಳ್ಳೆ ಪರದೆಯ ಜಾಲರಿಯನ್ನು ಬಿಗಿಯಾಗಿ ಬಡಿಯಿರಿ. ಇನ್ನೊಂದು ಅದರ ಮೇಲೆ ಕೂರುವ ಬರಿ ಚೌಕಟ್ಟು. ತೊಟ್ಟಿಯ ನೀರಿನಲ್ಲಿ ತಿರುಳು ಕಲಕಿ, ಎರಡನ್ನೂ ಸೇರಿಸಿ ಹಿಡಿದು ಮುಳುಗಿಸಿ ಸಮನಾಗಿ ಎತ್ತಬೇಕು. ಇಲ್ಲಿ ಒಂದು ತೊಂದರೆ ಬರುತ್ತದೆ. ಬಾಳೆ ಎಳೆ ಬೇಗ ತಳಕ್ಕೆ ಇಳಿಯುತ್ತದೆ, ಹಾಳೆ ಒಂದು ಕಡೆ ದಪ್ಪ, ಒಂದು ಕಡೆ ತೆಳು. ಜಪಾನಿನವರು ಇದಕ್ಕೆ ತೊರೊರೊ ಆಓಯಿ ಅನ್ನುವ ಗಿಡದ ಬೇರಿನ ಲೋಳೆಯನ್ನು ಸೇರಿಸುತ್ತಾರೆ. ಅವರ ವಾಶಿ ಕಾಗದದ ಕಲೆಯನ್ನು 2014ರಲ್ಲಿ ಯುನೆಸ್ಕೋ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ಆ ಗಿಡ ನಮ್ಮ ಬೆಂಡೆಯ ನೆಂಟ. ದಾಸವಾಳವೂ ಅದೇ ಕುಟುಂಬದ್ದು. ತಲೆಗೆ ಹಚ್ಚಲು ದಾಸವಾಳದ ಎಲೆ ಕಿವುಚುತ್ತೀರಲ್ಲ, ಅದೇ ಲೋಳೆ. ಒಂದು ಬೊಗಸೆ ಎಲೆಯನ್ನು ತಣ್ಣೀರಿನಲ್ಲಿ ಕಿವುಚಿ, ಬಟ್ಟೆಯಲ್ಲಿ ಸೋಸಿ ತೊಟ್ಟಿಗೆ ಹಾಕಿ. ಎಳೆಗಳು ತೇಲುತ್ತವೆ, ಜಾಲರಿಯಿಂದ ನೀರು ನಿಧಾನ ಇಳಿಯುತ್ತದೆ, ಹಾಳೆ ಸಮವಾಗಿ ಕೂರುತ್ತದೆ. ಬಿಸಿಗೆ ಲೋಳೆಯ ಶಕ್ತಿ ಹೋಗುತ್ತದೆ. ಅದಕ್ಕೇ ಜಪಾನಿನವರು ಈ ಕೆಲಸಕ್ಕೆ ಚಳಿಗಾಲವನ್ನೇ ಇಷ್ಟಪಡುತ್ತಾರೆ. ನಮ್ಮಲ್ಲಿ ಜನವರಿ, ಫೆಬ್ರವರಿಯ ಬೆಳಗಿನ ಚಳಿ ಇದಕ್ಕೆ ಹೇಳಿ ಮಾಡಿಸಿದ್ದು.

ಎತ್ತಿದ ಹಾಳೆಯನ್ನು ಒದ್ದೆ ಮಾಡಿದ ಹಳೆ ಪಂಚೆಯ ಮೇಲೆ ಮಗುಚಿ. ಹಾಳೆ, ಬಟ್ಟೆ, ಹಾಳೆ, ಬಟ್ಟೆ ಹೀಗೆ ಪೇರಿಸಿ ಎರಡು ಹಲಗೆ ನಡುವೆ ಭಾರ ಹೇರಿ. ನೀರಿಳಿದ ಮೇಲೆ ನುಣುಪಾದ ಹಲಗೆ ಅಥವಾ ಗಾಜಿಗೆ ಹತ್ತಿಸಿ ಒಣಗಿಸಿ. ದಾರಕ್ಕೆ ನೇತುಹಾಕಿದರೆ ಸುಕ್ಕಾಗುತ್ತದೆ. ಕಾಫಿ ಕಣ ಖಾಲಿಯಾಗುವವರೆಗೆ ಕಾಯಬೇಡಿ, ಹಲಗೆಗಳನ್ನು ಗೋಡೆಗೆ ಒರಗಿಸಿದರೂ ಸಾಕು.

ಆನೆ ಲದ್ದಿಯ ಕಾಗದದ ಬಗ್ಗೆಯೂ ಒಂದು ಮಾತು, ಕೊಡಗಿನಲ್ಲಿ ಎಲ್ಲರೂ ಅದನ್ನು ಕೇಳುತ್ತಾರೆ. ಆನೆ ತಿಂದದ್ದರಲ್ಲಿ ಅರ್ಧದಷ್ಟೂ ಜೀರ್ಣವಾಗುವುದಿಲ್ಲ. ಉಳಿದ ನಾರಿನಿಂದ ರಾಜಸ್ಥಾನ, ಶ್ರೀಲಂಕಾ, ಥಾಯ್ಲೆಂಡ್‌ಗಳಲ್ಲಿ ಕಾಗದ ಮಾಡಿ ಮಾರುತ್ತಾರೆ. ಚೆನ್ನಾಗಿ ತೊಳೆದು ಬೇಯಿಸಿದರೆ ವಾಸನೆ ಇರುವುದಿಲ್ಲ. ಆದರೆ ಅದರಿಂದ ಶುರು ಮಾಡಬೇಡಿ ಅನ್ನುತ್ತೇನೆ. ಜನ ಅದನ್ನು ಹೆಸರಿನ ಮಜಕ್ಕೆ ಒಂದು ಸಲ ಕೊಳ್ಳುತ್ತಾರೆ, ಕಾಗದದ ಗುಣಕ್ಕಲ್ಲ. ಕಾಡಿನಿಂದ, ಆನೆ ಶಿಬಿರದಿಂದ ಏನನ್ನು ತರುವುದಕ್ಕೂ ಅರಣ್ಯ ಇಲಾಖೆಯ ಒಪ್ಪಿಗೆ ಬೇಕು. ಬಾಳೆ ನಿಮ್ಮ ಹಿತ್ತಲಲ್ಲೇ ಇದೆ.

ಮಳೆಗಾಲಕ್ಕೆ ಬರೋಣ. ಕಾಗದದ ಎಳೆ ಗಾಳಿಯ ತೇವ ಕುಡಿದು ಉಬ್ಬುತ್ತದೆ. ಉದ್ದಕ್ಕಿಂತ ಅಡ್ಡಕ್ಕೆ ಜಾಸ್ತಿ ಉಬ್ಬುತ್ತದೆ. ಮಿಲ್ಲಿನ ಕಾಗದದಲ್ಲಿ ಎಳೆಗಳು ಹೆಚ್ಚಾಗಿ ಒಂದೇ ದಿಕ್ಕಿಗೆ ಮಲಗಿರುತ್ತವೆ. ಹಾಗಾಗಿ ಹಾಳೆ ಒಂದು ಕಡೆಗೇ ಹೆಚ್ಚು ಹಿಗ್ಗುತ್ತದೆ. ದಿಕ್ಕು ನೋಡದೆ ಎರಡು ಹಾಳೆ ಅಂಟಿಸಿದರೆ ಒಂದು ಹಿಗ್ಗಲು ಹೋಗುತ್ತದೆ, ಇನ್ನೊಂದು ಬಿಡುವುದಿಲ್ಲ. ನಿಮ್ಮ ಕಾರ್ಡು ಸೊಟ್ಟಗಾಗುವುದಕ್ಕೆ ಕಾರಣ ಇದೇ ಇರಬೇಕು. ಹಾಳೆಯನ್ನು ಮೆಲ್ಲಗೆ ಬಾಗಿಸಿ ನೋಡಿ. ಮಡಿಕೆಯ ಗೆರೆ ಎಳೆಯ ದಿಕ್ಕಿಗೆ ಸಮಾನಾಂತರವಾಗಿದ್ದಾಗ ಸುಲಭವಾಗಿ ಬಾಗುತ್ತದೆ. ಅಂಟಿಸುವ ಎರಡೂ ಹಾಳೆಯ ದಿಕ್ಕು ಒಂದೇ ಇರಲಿ, ಮಡಿಕೆಯೂ ಅದೇ ದಿಕ್ಕಿಗಿರಲಿ. ಕೈಯಿಂದ ಎತ್ತಿದ ಹಾಳೆಯಲ್ಲಿ ಎಳೆಗಳು ಎಲ್ಲ ಕಡೆಗೂ ಹರಡಿರುವುದರಿಂದ ಈ ತೊಂದರೆ ಕಡಿಮೆ.

ಕೆಲಸವನ್ನೇ ಋತುವಿಗೆ ಹಂಚಿಕೊಳ್ಳಿ ಅನ್ನುವುದು ನನ್ನ ಸಲಹೆ. ಹಾಳೆ ಎತ್ತುವುದು, ಅಂಟಿಸುವುದು ಜನವರಿಯಿಂದ ಏಪ್ರಿಲ್. ಹೊಲಿಯುವುದು, ಮಡಚುವುದು, ಕತ್ತರಿಸುವುದು ಮಳೆಗಾಲಕ್ಕೆ. ಬಿಸಿಲಿನ ದಿನಗಳಲ್ಲೇ ಒಣ ಕಾಗದವನ್ನು ಬಿಗಿ ಮುಚ್ಚಳದ ಡಬ್ಬಿಗೆ ತುಂಬಿ, ಜೊತೆಗೆ ತೇವ ಹೀರುವ ಸಿಲಿಕಾ ಜೆಲ್ ಹಾಕಿಡಿ. ನೀಲಿ ಹರಳು ಗುಲಾಬಿಯಾದರೆ ತೇವ ತುಂಬಿದೆ ಅಂತ ಅರ್ಥ, ಬಿಸಿ ಮಾಡಿ ಮತ್ತೆ ಬಳಸಬಹುದು. ಒಲೆಯ ಮೇಲಿನ ಅಟ್ಟ ಬೆಚ್ಚಗಿರುತ್ತದೆ ನಿಜ, ಆದರೆ ಹೊಗೆ ಕಾಗದವನ್ನು ಕಪ್ಪಾಗಿಸುತ್ತದೆ. ಮೈದಾ ಅಂಟು ಹುಳಗಳಿಗೆ ಇಷ್ಟ. ಹಳೆಯ ಬೈಂಡರ್‌ಗಳು ಅದಕ್ಕೆ ಮೈಲುತುತ್ತ ಸೇರಿಸುತ್ತಿದ್ದರು. ಅದು ವಿಷ, ಮಕ್ಕಳ ಕೈಗೆ ಹೋಗುವ ಕಾರ್ಡಿಗೆ ಬೇಡ. ಎರಡು ಹನಿ ಲವಂಗದ ಎಣ್ಣೆ ಹಾಕಿ, ಅಂಟನ್ನು ಅವತ್ತಿನದು ಅವತ್ತೇ ಮಾಡಿ. ಕ್ವಿಲ್ಲಿಂಗ್ ಮಾಡಿದ್ದನ್ನು ಗಾಜಿನ ಚೌಕಟ್ಟಿನೊಳಗೆ, ಗಾಜಿಗೆ ತಾಗದ ಹಾಗೆ ಕೂರಿಸಿ.

ಮಳಿಗೆಯ ಆಸೆಗೆ ಮೊದಲ ಹೆಜ್ಜೆ ಪೆಹಚಾನ್ ಕಾರ್ಡು. ಕೇಂದ್ರ ಜವಳಿ ಸಚಿವಾಲಯದ ಕರಕುಶಲ ವಿಭಾಗ ಕುಶಲಕರ್ಮಿಗಳಿಗೆ ಕೊಡುವ ಗುರುತಿನ ಚೀಟಿ ಅದು. ಸರ್ಕಾರಿ ಮೇಳಗಳಿಗೆ ಅರ್ಜಿ ಹಾಕುವಾಗ ಕೆಲಸಕ್ಕೆ ಬರುತ್ತದೆ. ಸ್ವಸಹಾಯ ಸಂಘದಲ್ಲಿದ್ದರೆ, ಅಂಥ ಸಂಘಗಳ ವಸ್ತುಗಳನ್ನು ಮಾರುವ ಸರಸ್ ಮೇಳದ ಬಗ್ಗೆ ನಿಮ್ಮ ಒಕ್ಕೂಟದಲ್ಲಿ ವಿಚಾರಿಸಿ. ಮೊದಲ ಪ್ರಯತ್ನಕ್ಕೆ ದೂರ ಹೋಗುವುದು ಬೇಡ. ಮಡಿಕೇರಿಯ ರಾಜಾಸೀಟಿನಲ್ಲಿ ಫಲಪುಷ್ಪ ಪ್ರದರ್ಶನ ನಡೆಯುವಾಗ, ದಸರಾ ಸಮಯದಲ್ಲಿ ಮಳಿಗೆಗಳಿಗೆ ಅವಕಾಶ ಇರುತ್ತದಾ ಕೇಳಿ. ಬೆಲೆ ಕಟ್ಟುವಾಗ ನಿಮ್ಮ ಗಂಟೆಗಳಿಗೆ ಕೂಲಿ ಹಾಕಿ. ತೋಟದಲ್ಲಿ ಕೆಲಸ ಮಾಡಿದವರಿಗೆ ಕೊಡುವಷ್ಟಾದರೂ ನಿಮ್ಮ ಕೈಗೂ ಸಿಗಬೇಕು. ಹಾಗೆ ಲೆಕ್ಕ ಹಾಕಿದಾಗ ಬೆಲೆ ಜಾಸ್ತಿ ಅನ್ನಿಸಿದರೆ ವಸ್ತುವನ್ನು ಸರಳ ಮಾಡಿ, ಕೂಲಿಯನ್ನು ಇಳಿಸಬೇಡಿ. ಹಾಳೆಯಲ್ಲಿ ಬಾಳೆ ಎಷ್ಟು, ಹಳೆ ಕಾಗದ ಎಷ್ಟು, ಕಾಫಿ ಸಿಪ್ಪೆ ಎಷ್ಟು ಅಂತ ಚೀಟಿಯಲ್ಲಿ ಬರೆಯಿರಿ. ಹತ್ತು ಪಾಲು ಸಿಪ್ಪೆ ಹಾಕಿ "ಕಾಫಿ ಕಾಗದ" ಅಂತ ಮಾರುವುದು ಕೊಳ್ಳುವವರಿಗೆ ಮಾಡುವ ಮೋಸ.

ಮಳೆ ಪುಸ್ತಕ ಮಾಡುವ ಮನಸ್ಸು ಬಂದರೆ ಮೊದಲ ಮೂರು ಪ್ರತಿಗಳನ್ನು ಮಾರಬೇಡಿ. ಮೇ ಮುಗಿಯುವುದರೊಳಗೆ ಮಳೆ ಬರೆಯುವ ಅಭ್ಯಾಸವಿರುವ ಮೂರು ಮನೆಗಳಿಗೆ ಸುಮ್ನೆ ಕೊಡಿ. ಒಂದು ಮನೆ ಭಾಗಮಂಡಲದಂಥ ಜಡಿಮಳೆಯ ಕಡೆ ಇರಲಿ, ಒಂದು ಕುಶಾಲನಗರದಂಥ ಕಡಿಮೆ ಮಳೆಯ ಕಡೆ. ಅಕ್ಟೋಬರ್‌ನಲ್ಲಿ ಹೋಗಿ ಪುಸ್ತಕ ಬಿಚ್ಚಿ ನೋಡಿ. ಯಾವ ಮಡಿಕೆ ಸೀಳಿದೆ, ಯಾವ ಪೆನ್ನಿನ ಶಾಯಿ ಹರಡಿದೆ, ಹೊಲಿಗೆ ಎಲ್ಲಿ ಕಾಗದವನ್ನು ಕತ್ತರಿಸಿದೆ, ಗೆರೆಗಳ ಅಂತರ ಅವರ ಕೈಬರಹಕ್ಕೆ ಸಾಕಾಯಿತಾ? ಇದನ್ನೆಲ್ಲ ಬರೆದುಕೊಂಡು, ಅದಕ್ಕೆ ತಕ್ಕ ಹಾಗೆ ಮುಂದಿನ ಜನವರಿಯ ಹಾಳೆಗಳನ್ನು ಎತ್ತಿ.